ಚಾರ್ಜ್ ಲಿಸ್ಟ್ ಇಲ್ಲದೆ ಕ್ಲಾಸಿಗೆ ಹೋಗುವುದಿಲ್ಲ: ಬ್ಯಾಂಕ್ ಬಿಟ್ಟು ಬದಲಿ ಟೀಚರ್ ಆದವರ ಒಂದು ಪ್ರಕರಣ

ಟೀಚರ್ ರಜೆ ಹಾಕಿದ ದಿನ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ಹೊರಗಿನವರು ಯೋಚಿಸುವುದು ಕಡಿಮೆ. ಬೆಳಿಗ್ಗೆ ಸೂಪರ್‌ವೈಸರ್ ಒಂದು ಚೀಟಿ ಬರೆಯುತ್ತಾರೆ. ಯಾರಿಗೆ ಪೀರಿಯಡ್ ಖಾಲಿ ಇದೆಯೋ ಅವರ ಹೆಸರು ಆ ಕ್ಲಾಸಿನ ಮುಂದೆ ಬೀಳುತ್ತದೆ. ಇದಕ್ಕೆ ನಮ್ಮಲ್ಲಿ ಪ್ರಾಕ್ಸಿ ಅನ್ನುತ್ತಾರೆ. ಪ್ರಾಕ್ಸಿಗೆ ಹೋದವರು ತಮ್ಮ ನೋಟ್‌ಬುಕ್ ಕಟ್ಟು ಹೊತ್ತುಕೊಂಡು ಹೋಗಿ ಅಲ್ಲೇ ಕೂತು ತಿದ್ದುತ್ತಾರೆ. ಮಕ್ಕಳು ಗಲಾಟೆ ಮಾಡದೆ ಕೂತರೆ ಸಾಕು. ಒಂದು ದಿನಕ್ಕೆ ಇದು ನಡೆಯುತ್ತದೆ. ಆರು ತಿಂಗಳಿಗೆ ನಡೆಯುವುದಿಲ್ಲ.

ಆ ಚೀಟಿ ಬರೆಯುವ ಕೆಲಸ ನನ್ನದು. ಮುಂಬೈಯ ಮಧ್ಯ ರೈಲ್ವೆ ಸಾಲಿನ ಒಂದು ಉಪನಗರದ ಶಾಲೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಇಲ್ಲಿ ಬರುವ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ತಿರುಗಿಸಿದ್ದೇನೆ. ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಇದೆ.

ಶಾಲೆ ಮತ್ತು ವಸಂತಿಯಕ್ಕ

ಶಾಲೆ ನಡೆಸುವುದು ಕನ್ನಡಿಗರ ಒಂದು ಸಂಘ. ಶುರುವಾದದ್ದು ರಾತ್ರಿ ಶಾಲೆಯಾಗಿ. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಟೇಬಲ್ ಒರೆಸಿದ ಹುಡುಗರು ರಾತ್ರಿ ಬಂದು ಓದುತ್ತಿದ್ದ ಕಾಲ ಅದು. ಪಾಠ ಹೇಳುತ್ತಿದ್ದವರಲ್ಲಿ ಎಷ್ಟೋ ಮಂದಿ ಹಗಲು ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಗುಮಾಸ್ತರು. ಬೇರೆ ನೌಕರಿಯವರು ಬಂದು ಪಾಠ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಈಗ ಅದು ಇಂಗ್ಲಿಷ್ ಮೀಡಿಯಂ, ಸ್ಟೇಟ್ ಬೋರ್ಡ್, ಅನುದಾನ ಇಲ್ಲದ ಶಾಲೆ. ಒಂದು ಕ್ಲಾಸಿನಲ್ಲಿ ಕನ್ನಡದ ಮನೆಗಳಿಂದ ಬಂದ ಮಕ್ಕಳು ಕೈಬೆರಳಿನಷ್ಟು. ಉಳಿದವರು ಮರಾಠಿ, ಹಿಂದಿ, ಗುಜರಾತಿ ಮನೆಯವರು. ಮಕ್ಕಳು ತಮ್ಮೊಳಗೆ ಮಾತಾಡುವುದು ಮುಂಬೈ ಹಿಂದಿಯಲ್ಲಿ.

ವಸಂತಿಯಕ್ಕ ಉಡುಪಿ ಕಡೆಯವರು. 1988ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ ಮುಗಿಸಿದವರು. ಬ್ಯಾಂಕ್ ಪರೀಕ್ಷೆ ಬರೆದು ಮುಂಬೈಗೆ ಬಂದರು, ಇಲ್ಲೇ ಸಂಸಾರ ಕಟ್ಟಿದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ ಸೇರಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್‌ನಲ್ಲಿ ಸೇರಿತು. ಎರಡೂ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳೇ. ಅಕ್ಕ ಇದ್ದದ್ದು ಇವುಗಳಲ್ಲಿ ಒಂದರಲ್ಲಿ. ಯಾವುದು ಅಂತ ಹೇಳುವುದಿಲ್ಲ. ಹೊಸ ಹೆಸರಿನ ಬೋರ್ಡಿನ ಕೆಳಗೆ ಎರಡು ವರ್ಷ ಕೆಲಸ ಮಾಡಿದರು. 20 ವರ್ಷ ಸೇವೆ ಮುಗಿದವರು ಮೂರು ತಿಂಗಳ ನೋಟಿಸು ಕೊಟ್ಟು ಪಿಂಚಣಿಯೊಂದಿಗೆ ಹೊರಬರಬಹುದು ಅನ್ನುವ ನಿಯಮ ಇದೆಯಲ್ಲ, ಅದರಂತೆ 55ನೇ ವಯಸ್ಸಿಗೆ ಬಿಟ್ಟರು. ಮಗಳು ಪುಣೆಯಲ್ಲಿ. ಗಂಡನ ನೌಕರಿ ಇನ್ನೂ ಇತ್ತು. ಹಣದ ತೊಂದರೆ ಇರಲಿಲ್ಲ. "ಮನೇಲಿ ಸುಮ್ನೆ ಕೂತರೆ ಟೀವಿ ನನ್ನನ್ನೇ ನೋಡ್ತದೆ ಸರ್" ಅಂದಿದ್ದರು.

ಅವರು ನಮಗೆ ಸಿಕ್ಕಿದ್ದು ಮಳೆಯ ದೆಸೆಯಿಂದ. ಜೂನ್ ಮಧ್ಯದಲ್ಲಿ ಶಾಲೆ ಶುರುವಾಗುತ್ತದೆ, ಬೆನ್ನಿಗೇ ಮಳೆ. ಕುರ್ಲಾ, ಸಾಯನ್ ಕಡೆ ಹಳಿಯ ಮೇಲೆ ನೀರು ನಿಂತರೆ ಲೋಕಲ್ ನಿಲ್ಲುತ್ತದೆ. ಮಕ್ಕಳು ಅಕ್ಕಪಕ್ಕದ ಬಿಲ್ಡಿಂಗಿನವರು, ಛತ್ರಿ ಹಿಡಿದು ಬಂದೇ ಬಿಡುತ್ತಾರೆ. ಟೀಚರುಗಳು ರೈಲಿನಲ್ಲಿ ಸಿಕ್ಕಿಬೀಳುತ್ತಾರೆ. 2023ರ ಜುಲೈನಲ್ಲಿ ಅಂಥ ಒಂದು ದಿನ ಐದು ಕ್ಲಾಸು ಖಾಲಿ. ಸಂಘದ ಕಾರ್ಯದರ್ಶಿಗೆ ನೆನಪಾದದ್ದು ಶಾಲೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ವಸಂತಿಯಕ್ಕನ ಮನೆ. ಬಿ.ಎಸ್ಸಿ ಅನ್ನುವುದು ಆಮೇಲಿನ ಮಾತು. ಮೊದಲ ಅರ್ಹತೆ, ರೈಲು ಹತ್ತದೆ ಬರಬಲ್ಲರು ಅನ್ನುವುದು.

ನಿಜವಾದ ತೊಂದರೆ ಎಲ್ಲಿತ್ತು

ಮೊದಲ ಕೆಲವು ಪ್ರಾಕ್ಸಿಗಳು ಹೇಗಾಗುತ್ತವೋ ಹಾಗೇ ಆದವು. ಮಕ್ಕಳು ಅವರನ್ನು ಟೀಚರ್ ಅನ್ನಲಿಲ್ಲ. "ಆಂಟಿ, ಫ್ರೀ ಪೀರಿಯಡ್ ದೋ ನಾ" ಅಂದರು. ಬೋರ್ಡಿನ ಕಡೆ ತಿರುಗಿದರೆ ಹಿಂದೆ ಸಂತೆ. ಒಬ್ಬ ಟಾಯ್ಲೆಟ್‌ಗೆ ಅಂತ ಎದ್ದರೆ ಹಿಂದೆಯೇ ಏಳು ಮಂದಿಗೆ ಅವಸರ. ಅಕ್ಕ ಕಲಿತ ಶಾಲೆಯಲ್ಲಿ ಮೇಷ್ಟ್ರ ಮೇಜಿನ ಮೇಲೆ ನಾಗರಬೆತ್ತ ಇರುತ್ತಿತ್ತು. ಈಗ ಅದು ಸಾಧ್ಯವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ ಹೊಡೆಯುವುದಕ್ಕೂ ಮನಸ್ಸಿಗೆ ನೋವು ಮಾಡುವುದಕ್ಕೂ ನಿಷೇಧ ಇದೆ. ಇದನ್ನು ಮೊದಲ ದಿನವೇ ಹೇಳಿದ್ದೆ. ಅವರಿಗೆ ಹೊಡೆಯುವ ಆಸೆಯೇನೂ ಇರಲಿಲ್ಲ.

ಅವರು ಕೌಂಟರಿನಿಂದ ಒಂದು ಉಪಾಯ ತಂದರು. ಟೋಕನ್. ಹಳೆಯ ರಟ್ಟಿನ ಚೂರುಗಳ ಮೇಲೆ ನಂಬರು ಬರೆದು ಹಂಚಿದರು. ನಂಬರು ಕರೆದಾಗ ಒಬ್ಬರೇ ಹೊರಗೆ ಹೋಗಬೇಕು. ಮೊದಲ ಪೀರಿಯಡ್ ಚಂದ ನಡೆಯಿತು. ಮರುದಿನ ಹೊತ್ತಿಗೆ ಮಕ್ಕಳು ಟೋಕನ್ ವ್ಯಾಪಾರ ಶುರು ಮಾಡಿದ್ದರು. ಮೂರನೇ ನಂಬರಿಗೆ ಅರ್ಧ ವಡಾಪಾವ್. ನಮ್ಮ ಶಿಪಾಯಿ ಬಂದು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ಅಕ್ಕನೂ ನಕ್ಕರು. ಟೋಕನ್ ಅಲ್ಲಿಗೆ ಮುಗಿಯಿತು.

ಇವೆಲ್ಲ ಹೊಸಬರಿಗೆ ಆಗುವಂಥವೇ. ತಿಂಗಳೊಪ್ಪತ್ತಿನಲ್ಲಿ ಸರಿಹೋಗುತ್ತವೆ, ಸರಿಹೋದವು ಕೂಡ. ಇವುಗಳ ಬಗ್ಗೆ ಜಾಸ್ತಿ ಬರೆಯಲು ಏನಿಲ್ಲ.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಜುಲೈ ಕೊನೆಯಲ್ಲಿ ಏಳನೇ ಕ್ಲಾಸಿನ ಗಣಿತದ ಟೀಚರ್ ಹೆರಿಗೆ ರಜೆಗೆ ಹೋದರು. 2017ರ ತಿದ್ದುಪಡಿಯ ನಂತರ ಈ ರಜೆ 26 ವಾರ. ಇದು ಮೊದಲೇ ಗೊತ್ತಿದ್ದ ರಜೆ. ಆದರೂ ಜಾಹೀರಾತು ಕೊಟ್ಟು ಕಾದರೆ ಆರು ತಿಂಗಳಿಗೆ ಮಾತ್ರ ಅಂತ ಯಾರೂ ಬರಲಿಲ್ಲ. ಬಿ.ಎಡ್ ಮಾಡಿದವರು ಪರ್ಮನೆಂಟ್ ಕೆಲಸ ಕೇಳುತ್ತಾರೆ, ಅದು ತಪ್ಪೂ ಅಲ್ಲ. ಟ್ರಸ್ಟಿಗಳು ವಸಂತಿಯಕ್ಕನ ಕಡೆ ನೋಡಿದರು.

ನಿಯಮ ಅಡ್ಡ ಬಂತು. 1ರಿಂದ 8ನೇ ಕ್ಲಾಸಿನವರೆಗೆ ಟೀಚರ್ ಅಂತ ನೇಮಿಸಬೇಕಾದರೆ ಶಿಕ್ಷಕ ತರಬೇತಿ ಆಗಿರಬೇಕು, ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. 2010ರ ಆಗಸ್ಟ್‌ನಲ್ಲಿ ಎನ್‌ಸಿಟಿಇ, ಅಂದರೆ ಶಿಕ್ಷಕರ ತರಬೇತಿಯ ರಾಷ್ಟ್ರೀಯ ಪರಿಷತ್ತು, ಹೊರಡಿಸಿದ ಅಧಿಸೂಚನೆ ಇದು. ಅಕ್ಕನ ಹತ್ತಿರ ಎರಡೂ ಇಲ್ಲ. ಅದೇ ತಿಂಗಳು ಯಾರೋ ಅವರಿಗೆ ಹೇಳಿದ್ದರು: ಸರ್ಕಾರವೇ ರಿಟೈರ್ ಆದವರನ್ನು ತಿಂಗಳಿಗೆ 20,000 ಕೊಟ್ಟು ತಗೊಳ್ತಾ ಇದೆ ಅಂತ. ಕೇಳಿ ಖುಷಿಯಾಗಿ ಬಂದಿದ್ದರು. ಆದೇಶ ಇದ್ದದ್ದು ನಿಜ. ಆದರೆ ಅದು ಜಿಲ್ಲಾ ಪರಿಷತ್ ಶಾಲೆಗಳ ಖಾಲಿ ಜಾಗಗಳಿಗೆ, ನಿವೃತ್ತ ಶಿಕ್ಷಕರಿಗೆ. ಬ್ಯಾಂಕಿನಿಂದ ನಿವೃತ್ತರಾದವರಿಗೆ ಅದರಲ್ಲಿ ಜಾಗ ಇಲ್ಲ.

ಕೊನೆಗೆ ಮಾಡಿದ ಏರ್ಪಾಡು ಇದು. ಕಾಗದದ ಮೇಲೆ ಕ್ಲಾಸಿನ ಜವಾಬ್ದಾರಿ ಮಂಗಲಾ ಮೇಡಂ ಅವರದ್ದು. ಅವರು ನಮ್ಮ ಹಿರಿಯ ಗಣಿತ ಟೀಚರ್, ತರಬೇತಿ ಪಡೆದವರು. ವಾರಕ್ಕೆ ಎರಡು ಪೀರಿಯಡ್ ಅವರೇ ತಗೊಳ್ಳುತ್ತಾರೆ, ಪ್ರಶ್ನೆಪತ್ರಿಕೆ ತೆಗೆಯುವುದು, ಉತ್ತರಪತ್ರಿಕೆ ತಿದ್ದುವುದು, ಪ್ರಗತಿಪತ್ರಕ್ಕೆ ಸಹಿ ಹಾಕುವುದು ಅವರೇ. ಉಳಿದ ಪೀರಿಯಡ್‌ಗಳಲ್ಲಿ ವಸಂತಿಯಕ್ಕ ಪಾಠದ ಅಭ್ಯಾಸ ಮಾಡಿಸುತ್ತಾರೆ. ಗೌರವಧನ ಪೀರಿಯಡ್ ಲೆಕ್ಕದಲ್ಲಿ. ಅವರ ಹೆಸರು ಶಿಕ್ಷಕರ ಮಸ್ಟರಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಬರುವುದಿಲ್ಲ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಅಭ್ಯಾಸ ಎಲ್ಲಿ ಮುಗಿದು ಪಾಠ ಎಲ್ಲಿ ಶುರುವಾಗುತ್ತದೆ? ಮಂಗಲಾ ಮೇಡಂಗೆ ಒಂಬತ್ತು, ಹತ್ತನೇ ಕ್ಲಾಸಿನ ಹೊರೆ ಮೊದಲೇ ಇತ್ತು. ಎರಡು ಪೀರಿಯಡ್ ಕೆಲವು ವಾರ ಒಂದಾಯಿತು, ಕೆಲವು ವಾರ ಅದೂ ಇಲ್ಲ. ಪೋರ್ಶನ್ ಅಕ್ಕನ ಹೆಗಲಿಗೆ ಬಿತ್ತು.

ಓಪನ್ ಹೌಸ್‌ನಲ್ಲಿ ಬಂದ ಪ್ರಶ್ನೆ

ಆಗಸ್ಟ್‌ನಲ್ಲಿ ಮಸಾಅ, ಲಸಾಅ ಪಾಠ, ಇಂಗ್ಲಿಷಿನಲ್ಲಿ ಎಚ್‌ಸಿಎಫ್, ಎಲ್‌ಸಿಎಂ. ಅಕ್ಕನಿಗೆ ಲೆಕ್ಕದಲ್ಲಿ ಕೈ ಜೋರು. 24 ಮತ್ತು 36ರ ಲಸಾಅ ಬೇಕು ಅನ್ನಿ. ಮಸಾಅ 12 ಅಂತ ಕಣ್ಣಳತೆಯಲ್ಲೇ ಸಿಗುತ್ತದೆ. ಎರಡನ್ನೂ ಗುಣಿಸಿ 12ರಿಂದ ಭಾಗಿಸಿದರೆ 72. ಒಂದೇ ಸಾಲು. ಮಕ್ಕಳಿಗೆ ಇದು ಬಹಳ ಇಷ್ಟವಾಯಿತು. ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ.

ಯೂನಿಟ್ ಟೆಸ್ಟ್‌ನಲ್ಲಿ ಪ್ರಶ್ನೆ ಕೇಳಿದ್ದು ಅವಿಭಾಜ್ಯ ಅಪವರ್ತನ ವಿಧಾನದಿಂದ ಮಾಡಿ ಅಂತ. ಅರ್ಧ ಕ್ಲಾಸು 72 ಅಂತ ಬರೆದು ಕೈಕಟ್ಟಿ ಕೂತಿತು. ಮಂಗಲಾ ಮೇಡಂ ಸ್ಟೆಪ್ಸ್ ನೋಡಿ ತಿದ್ದುವವರು. ಉತ್ತರ ಸರಿ ಇದ್ದರೂ ವಿಧಾನ ಇಲ್ಲ ಅಂತ ಮಾರ್ಕ್ ಕತ್ತರಿಸಿದರು. ಅವರ ಕಡೆಯಿಂದ ನೋಡಿದರೆ ಅದು ಸರಿ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಲ್ಲಿ ಸ್ಟೆಪ್ಸ್‌ಗೆ ಮಾರ್ಕ್ ಇದೆ. ಆ ಅಭ್ಯಾಸ ಏಳರಲ್ಲೇ ಬೀಳಬೇಕು ಅನ್ನುವುದು ಅವರ ಲೆಕ್ಕ.

ಓಪನ್ ಹೌಸ್ ಅಂದರೆ ಪಾಲಕರು ಬಂದು ಉತ್ತರಪತ್ರಿಕೆ ನೋಡುವ ದಿನ. ಅವತ್ತು ಒಬ್ಬ ತಾಯಿ ಉತ್ತರಪತ್ರಿಕೆ ಹಿಡಿದು ಬಂದರು. ಕೂಗಾಡಲಿಲ್ಲ. ಮರಾಠಿಯಲ್ಲಿ ಒಂದೇ ಮಾತು ಕೇಳಿದರು. ಹೇಳಿಕೊಟ್ಟವರು ಒಬ್ಬರು, ಮಾರ್ಕ್ ಕಟ್ ಮಾಡಿದವರು ಇನ್ನೊಬ್ಬರು, ನನ್ನ ಮಗ ಯಾರ ಮಾತು ಕೇಳಬೇಕು? ಪಕ್ಕದ ಬೆಂಚಿನಲ್ಲಿ ಕಾಯುತ್ತಿದ್ದ ಪಾಲಕರೆಲ್ಲ ತಲೆಯಾಡಿಸಿದರು. ಇನ್ನೊಬ್ಬರು ಮುಂದೆ ಬಂದು, ಈ ಟೀಚರ್ ಬಿ.ಎಡ್ ಮಾಡಿದ್ದಾರಾ ಅಂತಲೂ ಕೇಳಿದರು.

ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ಎರಡು ಪಕ್ಷ. ಬದಲಿಯವರಿಂದ ಪಾಠ ಮಾಡಿಸುವುದೇ ಬೇಡ, ವರ್ಕ್‌ಶೀಟ್ ಕೊಟ್ಟು ಕೂರಿಸಲಿ ಅಂತ ಕೆಲವರು. ಪಾಪ, ಅವರು ಚೆನ್ನಾಗಿ ಹೇಳ್ತಾರೆ, ತಿದ್ದುವುದನ್ನೂ ಅವರಿಗೇ ಬಿಡಿ ಅಂತ ಇನ್ನು ಕೆಲವರು. ಎರಡನೆಯದು ನಿಯಮದ ಪ್ರಕಾರ ಆಗುವ ಮಾತಲ್ಲ. ಮೊದಲನೆಯದು ಸುಲಭ. ಆದರೆ ಆರು ತಿಂಗಳು ವರ್ಕ್‌ಶೀಟ್ ತುಂಬಿದ ಮಕ್ಕಳು ಎಂಟನೇ ಕ್ಲಾಸಿಗೆ ಹೋಗಿ ಏನು ಮಾಡುತ್ತಾರೆ?

ವಸಂತಿಯಕ್ಕ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದು ಇಷ್ಟು: "ನನಗೆ ಚಾರ್ಜ್ ಯಾರೂ ಕೊಡಲೇ ಇಲ್ಲ ಅಲ್ವಾ ಸರ್?"

ಚಾರ್ಜ್ ಲಿಸ್ಟ್

ಬ್ಯಾಂಕಿನಲ್ಲಿ ಒಬ್ಬರು ರಜೆ ಹೋದರೆ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಸುಮ್ನೆ ಹೋಗಿ ಕೂರುವಂತಿಲ್ಲ. ಕ್ಯಾಶ್ ಎಣಿಸಿ, ಕೀಲಿಕೈ ಎಣಿಸಿ, ಯಾವುದು ಬಾಕಿ ಇದೆ ಅಂತ ಬರೆದು, ಕೊಟ್ಟವರು ತಗೊಂಡವರು ಇಬ್ಬರೂ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ವ್ಯತ್ಯಾಸ ಬಂದರೆ ತಗೊಂಡವರ ತಲೆಗೆ. ಆದ್ದರಿಂದ ತಗೊಳ್ಳುವವರು ಪ್ರಶ್ನೆ ಕೇಳದೆ ಬಿಡುವುದಿಲ್ಲ. ನಲವತ್ತೈದು ಮಕ್ಕಳ ಕ್ಲಾಸನ್ನು ನೀವು ಒಂದು ಚೀಟಿಯ ಮೇಲೆ ಕೊಟ್ಟುಬಿಡ್ತೀರಲ್ಲ ಅಂತ ಅವರಿಗೆ ನಿಜವಾಗಿಯೂ ಆಶ್ಚರ್ಯ.

ಮರುದಿನ ಅವರೇ ಒಂದು ಹಾಳೆಯ ಮೇಲೆ ಗೆರೆ ಹಾಕಿ ತಂದರು. ಈ ಪ್ರಕರಣದಲ್ಲಿ ಬೇರೆ ಶಾಲೆಯವರಿಗೆ ಉಪಯೋಗಕ್ಕೆ ಬರುವುದು ಈ ಹಾಳೆಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೇಲೆ ಪಾಠ ಎಲ್ಲಿಯವರೆಗೆ ಆಗಿದೆ ಅನ್ನುವುದು. ಪಾಠದ ಹೆಸರು ಸಾಲದು, ಯಾವ ಅಭ್ಯಾಸದ ಯಾವ ಲೆಕ್ಕದವರೆಗೆ ಅಂತ ಬೇಕು. ಅದರ ಕೆಳಗೆ, ಪರೀಕ್ಷೆಯಲ್ಲಿ ಯಾವ ವಿಧಾನದಲ್ಲಿ ಬರೆಯಬೇಕು. ಇದನ್ನು ತಿದ್ದುವವರೇ ತಮ್ಮ ಕೈಬರಹದಲ್ಲಿ ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಬೇಕು. ಮಂಗಲಾ ಮೇಡಂ ಮೊದಲು ಸ್ವಲ್ಪ ಗೊಣಗಿದರು. ಒಂದು ಲೆಕ್ಕ ಮಾಡಲು ಎರಡು ನಿಮಿಷ ಸಾಕು ಅಂತ ಗೊತ್ತಾದ ಮೇಲೆ ಸುಮ್ಮನಾದರು.

ಆಮೇಲೆ ಮಕ್ಕಳ ವಿಷಯ. ಯಾರಿಗೆ ಬೋರ್ಡು ಸರಿಯಾಗಿ ಕಾಣುವುದಿಲ್ಲ, ಯಾರು ಕನ್ನಡಕ ಇದ್ದೂ ಬ್ಯಾಗಿನಲ್ಲೇ ಇಡುತ್ತಾರೆ. ಯಾರನ್ನು ಬೋರ್ಡಿಗೆ ಕರೆದರೆ ಅಳುತ್ತಾರೆ. ಯಾವ ಇಬ್ಬರನ್ನು ಒಟ್ಟಿಗೆ ಕೂರಿಸಬಾರದು. ಯಾರ ಮನೆಯಲ್ಲಿ ಈಗ ಏನೋ ನಡೆಯುತ್ತಿದೆ. ಈ ಕೊನೆಯದನ್ನು ಬರೆಯುವುದು ಬೇಡ, ಬಾಯಲ್ಲಿ ಹೇಳಿದರೆ ಸಾಕು ಅಂತ ನಾನು ಹೇಳಿದೆ. ಹಾಳೆ ಎಲ್ಲಾದರೂ ಬಿದ್ದರೆ? ಅಕ್ಕ ಒಪ್ಪಿದರು.

ಕೆಳಗೆ ಬಾಕಿ ಕೆಲಸ: ತಿದ್ದದ ನೋಟ್‌ಬುಕ್, ಕೊಟ್ಟು ವಾಪಸು ಬಾರದ ಪುಸ್ತಕ, ಕಪಾಟಿನ ಕೀಲಿ. ಕೊನೆಯಲ್ಲಿ ಎರಡು ಸಹಿ, ತಾರೀಕು.

ರಜೆಯಲ್ಲಿದ್ದ ಟೀಚರಿಗೆ ಫೋನ್ ಮಾಡಬೇಕೇ ಬೇಡವೇ ಅನ್ನುವುದು ಮುಂದಿನ ಪ್ರಶ್ನೆ. ಬೇಕಾದಾಗ ಕೇಳಿಕೊಳ್ಳಿ ಅಂತ ಅವರೇ ಹೇಳಿದ್ದರು. ಆದರೆ ತಿಂಗಳು ತುಂಬಿದ ಬಸುರಿಗೆ, ಆಮೇಲೆ ಬಾಣಂತಿಗೆ ದಿನಾ ಫೋನ್ ಮಾಡಿ ಲಸಾಅ ಕೇಳುವುದು ಯಾವ ನ್ಯಾಯ? ಒಂದೇ ಸಲ ಫೋನ್ ಅಂತ ತೀರ್ಮಾನ ಮಾಡಿದೆವು. ಅವತ್ತು ಇಬ್ಬರೂ ಅರ್ಧ ಗಂಟೆ ಮಾತಾಡಿ ಹಾಳೆ ತುಂಬಿಸಿದರು. ಅದರ ಮೇಲೆ ಅವರನ್ನು ಯಾರೂ ಕಾಡಿಸಲಿಲ್ಲ. ಹೆರಿಗೆಯ ಸುದ್ದಿಗೆ ಮಾತ್ರ ಫೋನ್ ಹೋಯಿತು.

ಅಲ್ಲಿಂದ ಮುಂದೆ ಮಂಗಲಾ ಮೇಡಂ ಮತ್ತು ಅಕ್ಕ ಪ್ರತಿ ಶನಿವಾರ ಹಾಳೆಯ ಹೊಸ ಪ್ರತಿ ಮಾಡುತ್ತಿದ್ದರು. ಪಾಲಕರಿಗೂ ಒಂದು ಸುತ್ತೋಲೆ ಕಳಿಸಿದೆವು. ಕ್ಲಾಸು ಯಾರ ಜವಾಬ್ದಾರಿ, ಅಭ್ಯಾಸ ಯಾರು ಮಾಡಿಸುತ್ತಾರೆ, ಮಾರ್ಕ್ ಬಗ್ಗೆ ಕೇಳುವುದಿದ್ದರೆ ಯಾರನ್ನು ಕೇಳಬೇಕು, ಮೂರೇ ಸಾಲು. ಬಿ.ಎಡ್ ಇಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ಬರೆದು ಹೇಳಿದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಗೊತ್ತಿರುವ ಪಾಠ ಕೆಟ್ಟಿತು, ಮರೆತ ಪಾಠ ಗೆದ್ದಿತು

ಇದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಘಾತಾಂಕ. ಅಕ್ಕನಿಗೆ ಇದು ಪೂರ್ತಿ ಮರೆತುಹೋಗಿತ್ತು. ಸೊನ್ನೆ ಬಿಟ್ಟು ಯಾವುದೇ ಸಂಖ್ಯೆಯ ಘಾತ ಸೊನ್ನೆಯಾದರೆ ಉತ್ತರ 1 ಯಾಕೆ? ಸೊನ್ನೆ ಸಲ ಗುಣಿಸಿದರೆ ಸೊನ್ನೆ ತಾನೆ ಬರಬೇಕು? ಎರಡು ರಾತ್ರಿ ಇದರ ಹಿಂದೆ ಬಿದ್ದಿದ್ದರಂತೆ. ಪುಸ್ತಕದ ನಿಯಮ ಬಾಯಿಪಾಠ ಮಾಡಿಸಿದರೆ ತೀರಿತ್ತು. ತನಗೇ ಒಪ್ಪಿಗೆಯಾಗದ್ದನ್ನು ಹೇಗೆ ಹೇಳಲಿ ಅಂತ ಅವರ ಹಟ.

ಕ್ಲಾಸಿನಲ್ಲಿ ಬೋರ್ಡಿನ ಮೇಲೆ 2ರ ಘಾತ 4, ಉತ್ತರ 16 ಅಂತ ಬರೆದರು. ಅದರ ಕೆಳಗೆ ಘಾತ 3, ಉತ್ತರ 8. ಘಾತ 2, ಉತ್ತರ 4. ಘಾತ 1, ಉತ್ತರ 2. ಅಲ್ಲಿ ನಿಲ್ಲಿಸಿ ಚಾಕ್‌ಪೀಸ್ ಕೆಳಗಿಟ್ಟರು. "ಪ್ರತಿ ಸಲ ಏನಾಗ್ತಾ ಇದೆ, ನೋಡಿ ಹೇಳಿ" ಅಂದರು. ಅರ್ಧ ಆಗ್ತಾ ಇದೆ ಅಂತ ಮೂರು ಕಡೆಯಿಂದ ದನಿ ಬಂತು. ಹಾಗಾದರೆ ಮುಂದಿನದು? ಎರಡರಲ್ಲಿ ಅರ್ಧ ಒಂದು. ಘಾತ ಸೊನ್ನೆ, ಉತ್ತರ 1. ಅಷ್ಟಕ್ಕೆ ಪಾಠ ಮುಗಿಯಬೇಕಿತ್ತು. ಕಿಟಕಿ ಪಕ್ಕದ ಒಬ್ಬಳು ಕೈ ಎತ್ತಿ, ಅದರ ಕೆಳಗೆ ಇನ್ನೂ ಬರೀಬಹುದಲ್ವಾ ಅಂದಳು. ಒಂದರಲ್ಲಿ ಅರ್ಧ? ಘಾತ ಮೈನಸ್ ಒಂದು! ಮುಂದಿನ ವಾರದ ಪಾಠ ಆ ಹುಡುಗಿಯ ಬಾಯಿಂದ ಅವತ್ತೇ ಬಂತು. ಅಕ್ಕನಿಗೆ ಆಗ ಆದ ಸಂತೋಷ ನೋಡಬೇಕಿತ್ತು. "ನಿನ್ನೆ ರಾತ್ರಿ ನನಗೆ ಇದು ಹೊಳೆದಿರಲಿಲ್ಲ ಕಣೇ" ಅಂತ ಕನ್ನಡದಲ್ಲೇ ಹೇಳಿಬಿಟ್ಟರು. ಆ ಹುಡುಗಿ ಗುಜರಾತಿ. ಅರ್ಥವಾಗದಿದ್ದರೂ ನಕ್ಕಳು.

ದೀಪಾವಳಿ ರಜೆಯ ನಂತರ ಬ್ಯಾಂಕು ಮತ್ತು ಸರಳಬಡ್ಡಿ. ಮಹಾರಾಷ್ಟ್ರದ ಏಳನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಹೀಗೊಂದು ಪಾಠವೇ ಇದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವರಿಗೆ ಇದೊಂದು ಪಾಠವೇ ಅಂತ ಎಲ್ಲರಿಗೂ ಅನಿಸಿತ್ತು. ಆದರೆ ಅತಿ ಕೆಟ್ಟದಾಗಿ ಹೋದದ್ದು ಇದೇ.

ಉಳಿತಾಯ ಖಾತೆಯಿಂದ ಶುರುವಾಯಿತು. ಬಡ್ಡಿಯನ್ನು 2010ರ ಏಪ್ರಿಲ್ 1ರಿಂದ ದಿನದಿನದ ಬಾಕಿಯ ಮೇಲೆ ಹಾಕುತ್ತಾರೆ ಅಂದರು. ಅದಕ್ಕೆ ಮುಂಚೆ ಹೇಗಿತ್ತು ಗೊತ್ತಾ ಅಂತ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಯ ಕಥೆ ಹೇಳಿದರು. ಅಲ್ಲಿಂದ ಎಫ್‌ಡಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವುದು, ಅಲ್ಲಿಂದ ಟಿಡಿಎಸ್, ಅಂದರೆ ಬಡ್ಡಿಯಲ್ಲೇ ಮುರಿದುಕೊಳ್ಳುವ ತೆರಿಗೆ. ಮೊದಲ ಹತ್ತು ನಿಮಿಷ ಮಕ್ಕಳು ಕಣ್ಣರಳಿಸಿ ಕೇಳಿದರು. ಆಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಕೊನೆಗೆ ಒಬ್ಬ ಹುಡುಗ ಎದ್ದು ಕೇಳಿದ, "ಟೀಚರ್, ಹಾಗಾದರೆ ಪುಸ್ತಕದ್ದು ಸುಳ್ಳಾ?"

ಒಳ್ಳೆಯ ಪ್ರಶ್ನೆ. ನಿಜವಾದ ಬ್ಯಾಂಕಿನಲ್ಲಿ ಸರಳಬಡ್ಡಿ ಎಲ್ಲಿ ಸಿಗುತ್ತದೆ? ಅಕ್ಕನಿಗೆ ಉತ್ತರ ಗೊತ್ತಿತ್ತು. ಹನ್ನೆರಡು ವರ್ಷದವನಿಗೆ ಎಷ್ಟು ಹೇಳಿ ಎಲ್ಲಿ ಬಿಡಬೇಕು ಅನ್ನುವುದು ಗೊತ್ತಾಗಲಿಲ್ಲ. ಘಾತಾಂಕದಲ್ಲಿ ತಾವು ಎಡವಿದ ಜಾಗವೇ ಮಕ್ಕಳೂ ಎಡವುವ ಜಾಗ ಅಂತ ಅವರಿಗೆ ನೆನಪು ಹಸಿಯಾಗಿತ್ತು. ಬಡ್ಡಿಯಲ್ಲಿ ಅವರು ಕೊನೆಯ ಸಲ ಎಡವಿದ್ದು ಯಾವ ಕಾಲದಲ್ಲೋ. ವಯಸ್ಸಾದ ಮೇಲೆ ಬೇರೆ ನೌಕರಿಯಿಂದ ಬಂದವರಿಗೆ ಅವರ ಹಳೆಯ ಕೆಲಸದ ಪಾಠವನ್ನೇ ಕೊಡಬೇಕು ಅಂತ ಹೆಚ್ಚಿನ ಶಾಲೆಗಳು ಅಂದುಕೊಳ್ಳುತ್ತವೆ. ಈ ಪ್ರಕರಣ ನೋಡಿದ ಮೇಲೆ ನನಗೆ ಅದರಲ್ಲಿ ನಂಬಿಕೆ ಇಲ್ಲ. ಕೊಟ್ಟರೂ ಪಕ್ಕದಲ್ಲಿ ಒಬ್ಬರು ಇರಬೇಕು.

ಇಲ್ಲಿ ಪಕ್ಕದಲ್ಲಿದ್ದವರು ಮಂಗಲಾ ಮೇಡಂ. ಶನಿವಾರದ ಹಾಳೆಯಲ್ಲಿ ಅವರು ಬರೆದದ್ದು: ಅಸಲು, ದರ, ಅವಧಿ, ಬಡ್ಡಿ, ಬೇರೆ ಏನೂ ಬೇಡ. ಕೆಳಗೆ ಒಂದು ಲೆಕ್ಕ. 5,000 ರೂಪಾಯಿ, 8 ಪರ್ಸೆಂಟ್, 3 ವರ್ಷ, ಬಡ್ಡಿ 1,200. ಪ್ರತಿ ಸ್ಟೆಪ್ ಬೇರೆ ಬೇರೆ ಸಾಲಿನಲ್ಲಿ. ಅಕ್ಕ ಅದನ್ನು ಹಾಗೇ ಪಾಲಿಸಿದರು. ಜೊತೆಗೆ ಹಣ ಕಟ್ಟುವ ಸ್ಲಿಪ್ಪಿನ ಮಾದರಿ ಜೆರಾಕ್ಸ್ ಮಾಡಿಸಿ ತಂದು ಮಕ್ಕಳ ಕೈಲಿ ತುಂಬಿಸಿದರು. ಮೊತ್ತವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆಯಿರಿ ಅಂದರೆ ಅರ್ಧ ಮಂದಿಗೆ ಹನ್ನೆರಡು ಸಾವಿರದ ಐವತ್ತಕ್ಕೆ ಸೊನ್ನೆ ಎಲ್ಲಿ ಹಾಕಬೇಕು ಅಂತ ಗೊತ್ತಿಲ್ಲ. ಮನೆಯಲ್ಲಿ ಎಲ್ಲ ಫೋನಿನಲ್ಲೇ ನಡೆಯುತ್ತದಲ್ಲ, ಸ್ಲಿಪ್ಪು ನೋಡಿದವರೇ ಕಡಿಮೆ. ಸಂಖ್ಯೆಗಳ ಸ್ಥಾನಬೆಲೆ ಮತ್ತೆ ಹೇಳಿಕೊಡಬೇಕಾಯಿತು. ಅದು ಪಾಠದಲ್ಲಿ ಇರಲಿಲ್ಲ, ಆದರೆ ಬೇಕಿತ್ತು.

ಬಿ.ಎಡ್ ಮಾಡಬೇಕೇ

ಡಿಸೆಂಬರ್ ಹೊತ್ತಿಗೆ ಟ್ರಸ್ಟಿಗಳಿಗೆ ಅಕ್ಕನ ಮೇಲೆ ಕಣ್ಣು ಬಿತ್ತು. ಬಿ.ಎಡ್ ಒಂದು ಮಾಡಿಕೊಂಡುಬಿಡಿ, ಪರ್ಮನೆಂಟ್ ಮಾಡೋಣ ಅಂದರು. ಬಿ.ಎಡ್‌ಗೆ ವಯಸ್ಸಿನ ಮಿತಿ ಇಲ್ಲ. ಅಕ್ಕ ವಿಚಾರಿಸಿದರು. ಕೋರ್ಸು 2015ರಿಂದ ಎರಡು ವರ್ಷದ್ದು. ಮಹಾರಾಷ್ಟ್ರದಲ್ಲಿ ಸಿಇಟಿ ಬರೆಯಬೇಕು. ಪದವಿಯಲ್ಲಿ 50 ಪರ್ಸೆಂಟ್ ಬೇಕು, ಇಲ್ಲವಾದರೆ ಸ್ನಾತಕೋತ್ತರದಲ್ಲಾದರೂ ಬೇಕು. ಅವರ ಬಿ.ಎಸ್ಸಿ ಮಾರ್ಕು ಅದಕ್ಕಿಂತ ಸ್ವಲ್ಪ ಕೆಳಗೆ. ಇಗ್ನೊ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದಿಂದ ಮಾಡೋಣ ಅಂದರೆ ಅದು ಈಗಾಗಲೇ ತರಬೇತಿ ಪಡೆದವರಿಗೆ ಮಾತ್ರ. ಅಂದರೆ ಮೊದಲು ಎಂ.ಎ, ಆಮೇಲೆ ಸಿಇಟಿ, ಆಮೇಲೆ ಎರಡು ವರ್ಷ ಕಾಲೇಜು, ಆಮೇಲೆ ಟಿಇಟಿ. ಅಷ್ಟರಲ್ಲಿ 61 ಆಗಿರುತ್ತದೆ.

ಅವರು ಬೇಡ ಅಂದರು. ನಿರಾಸೆಯಿಂದ ಅಲ್ಲ, ಪೂರ್ತಿ ಲೆಕ್ಕ ಹಾಕಿ. 40ರಲ್ಲಿ ಇದೇ ಆಸೆ ಇಟ್ಟುಕೊಂಡವರಿಗೆ ನಾನು ಬೇರೆ ಮಾತು ಹೇಳುತ್ತೇನೆ: ಮೊದಲು ಪದವಿಯ ಮಾರ್ಕ್‌ಶೀಟ್ ತೆಗೆದು ನೋಡಿ, ಆಮೇಲೆ ನೌಕರಿ ಬಿಡುವ ಯೋಚನೆ ಮಾಡಿ.

ವಾಪಸು ಕೊಡುವುದು

ಬದಲಿ ಕೆಲಸದಲ್ಲಿ ಬರುವುದಕ್ಕಿಂತ ಹೋಗುವುದು ಕಷ್ಟ. ಜನವರಿ ಕೊನೆಗೆ ರಜೆ ಮುಗಿಸಿ ಟೀಚರ್ ಬಂದರು. ಮೂರನೇ ದಿನ ಕ್ಲಾಸಿನಲ್ಲಿ ಯಾರೋ, ಬ್ಯಾಂಕ್ ಟೀಚರ್ ಯಾವಾಗ ಬರ್ತಾರೆ ಅಂತ ಕೇಳಿದ್ದಾರೆ. ಮಗುವನ್ನು ಮನೆಯಲ್ಲಿ ಬಿಟ್ಟು ಬಂದವರಿಗೆ ಈ ಮಾತು ಹೇಗಿರುತ್ತದೆ! ಸ್ಟಾಫ್ ರೂಮಿನಲ್ಲಿ ಕಣ್ಣೀರು ಹಾಕಿದರು. ಪಾಲಕರಲ್ಲಿ ಕೆಲವರು ವಸಂತಿ ಮೇಡಂ ಇನ್ನೊಂದೆರಡು ತಿಂಗಳು ಇರಲಿ ಅಂತ ಅರ್ಜಿ ಬರೆಯಲು ಹೊರಟಿದ್ದರು. ಹಾಗೇನಾದರೂ ಆಗಿದ್ದರೆ ಹೆರಿಗೆ ರಜೆ ಹಾಕಿದ್ದೇ ಆ ಟೀಚರಿನ ಅಪರಾಧ ಅನ್ನುವಂತಾಗುತ್ತಿತ್ತು.

ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. ಹಾಳೆಯ ಕೊನೆಯ ಪ್ರತಿ ತುಂಬಿಸಿ, ಎದುರು ಕೂತು ಓದಿ ಹೇಳಿ, ಸಹಿ ಪಡೆದರು. ಯಾವ ಪಾಠ ಸರಿಯಾಗಿ ಕೂತಿಲ್ಲ ಅನ್ನುವುದನ್ನೂ ಬರೆದಿದ್ದರು, ಬ್ಯಾಂಕಿನ ಪಾಠದ ಹೆಸರೂ ಇತ್ತು. ಮಕ್ಕಳು ಸೆಂಡಾಫ್ ಮಾಡುತ್ತೇವೆ ಅಂದದ್ದಕ್ಕೆ ಬೇಡ ಅಂದರು. ವರ್ಷ ಮುಗಿಯುವವರೆಗೆ ಏಳನೇ ಕ್ಲಾಸಿಗೆ ಪ್ರಾಕ್ಸಿ ಹಾಕಬೇಡಿ ಅಂತ ನನ್ನ ಹತ್ತಿರ ಕೇಳಿಕೊಂಡರು. ಚಾರ್ಜ್ ಕೊಟ್ಟ ಮೇಲೆ ಆ ಬ್ರಾಂಚಿನಲ್ಲಿ ಹೋಗಿ ಕೂರಬಾರದು ಅನ್ನುವುದು ಅವರ ಹಳೆಯ ಕಟ್ಟುಪಾಡು. ಆ ಟೀಚರಿಗೂ ಅಕ್ಕನಿಗೂ ಈಗ ಒಳ್ಳೆಯ ಸ್ನೇಹ. ಅದಕ್ಕೆ ಅರ್ಧ ಕಾರಣ ಈ ದೂರ ಅಂತ ನನ್ನ ಅನಿಸಿಕೆ.

ವಾರ್ಷಿಕ ಪರೀಕ್ಷೆಯಲ್ಲಿ ಆ ಕ್ಲಾಸಿನ ಗಣಿತದ ಮಾರ್ಕು ಹಿಂದಿನ ವರ್ಷದ ಏಳನೇ ಕ್ಲಾಸಿನಷ್ಟೇ ಬಂತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಟ್ರಸ್ಟಿಗಳಿಗೆ ಇದು ಸಪ್ಪೆ ಅನಿಸಿತು. ಬದಲಿಯವರು ಆರು ತಿಂಗಳು ನಡೆಸಿದ ಕ್ಲಾಸು ಇಳಿಯಲಿಲ್ಲ ಅನ್ನುವುದೇ ದೊಡ್ಡದು ಅಂತ ನಾನು ವಾದಿಸಿದೆ.

ಈಗ

ಚಾರ್ಜ್ ಲಿಸ್ಟ್ ಈಗ ನಮ್ಮಲ್ಲಿ ಮೂರು ದಿನಕ್ಕಿಂತ ಜಾಸ್ತಿ ರಜೆ ಹಾಕುವ ಎಲ್ಲರಿಗೂ ಕಡ್ಡಾಯ. ಈ ನಡುವೆ ಪ್ರಾಕ್ಸಿಯೂ ಜಾಸ್ತಿಯಾಗಿದೆ. 2025ರ ಸೆಪ್ಟೆಂಬರ್ 1ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನಂತೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಟೀಚರುಗಳು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು. ಪಾಸಾಗದ ಹಳಬರು ನಮ್ಮಲ್ಲೂ ಇದ್ದಾರೆ. ಓದಲು ರಜೆ ಕೇಳುತ್ತಾರೆ, ಇಲ್ಲ ಅನ್ನಲಾಗದು.

ವಸಂತಿಯಕ್ಕ ಬರುತ್ತಾರೆ, ತಮ್ಮ ಷರತ್ತಿನ ಮೇಲೆ. ದಿನಕ್ಕೆ ಎರಡು ಪೀರಿಯಡ್, ಹತ್ತನೇ ಕ್ಲಾಸು ಬೇಡ, ಮರಾಠಿ ಪೀರಿಯಡ್ ಬೇಡ. ಅವರ ಮರಾಠಿ ಕೌಂಟರಿನ ಮರಾಠಿ. ಬರೆಯುವುದಕ್ಕೆ ಬರುವುದಿಲ್ಲ.

ಅವರನ್ನು ನೋಡಿ ರೈಲ್ವೆಯಿಂದ ನಿವೃತ್ತರಾದ ಒಬ್ಬರು ಬಂದರು. ಎಂಜಿನಿಯರ್, ಓದಿದವರು, ಮಾತು ಚೆನ್ನಾಗಿದೆ. ಅವರ ಕೈಯಲ್ಲೂ ಅದೇ ಲಿಸ್ಟ್ ಇತ್ತು, ಸಹಿಯೂ ಆಗಿತ್ತು. ವಿಜ್ಞಾನದ ಪೀರಿಯಡ್‌ಗೆ ಹೋಗಿ ಸೇತುವೆ ಕಟ್ಟಿದ ಕಥೆ ಹೇಳಿಬಂದರು. ಮರುದಿನ ಇನ್ನೊಂದು ಸೇತುವೆ. ಎರಡು ವಾರದಲ್ಲಿ ಮಕ್ಕಳಿಗೂ ಸಾಕಾಯಿತು, ಅವರಿಗೂ ಸಾಕಾಯಿತು. ಈಗ ಹೊಸಬರು ಯಾರೇ ಬಂದರೂ ಮೊದಲ ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರ ಪಾಠ ನೋಡಬೇಕು ಅಂತ ಮಾಡಿದ್ದೇವೆ. ಆ ವಾರಕ್ಕೂ ಗೌರವಧನ ಕೊಡಬೇಕೋ ಬೇಡವೋ ಅನ್ನುವುದು ಟ್ರಸ್ಟಿಗಳ ಮೀಟಿಂಗಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕೊಡಬೇಕು ಅಂತ ವಸಂತಿಯಕ್ಕ ಬರೆದು ಕೊಟ್ಟಿದ್ದಾರೆ. ನಾನೂ ಅದರ ಕೆಳಗೆ ಸಹಿ ಹಾಕಿದ್ದೇನೆ.